ಒಂದು ಸಾವಾದ್ಮೇಲೆ ಮನೆಯವರ ಗುಟ್ಟು, ಸುಳ್ಳೆಲ್ಲ ಒಂದೊಂದಾಗಿ ಹೊರಗೆ ಬರೋ ಥರದ ಸಸ್ಪೆನ್ಸ್ ಕಾದಂಬರಿ ಇದ್ರೆ ಹೇಳಿ, ಪತ್ತೇದಾರಿ ಕಥೆ ಬೇಡ

ಪತ್ತೇದಾರಿ ಬೇಡ ಅಂದ್ರಲ್ಲ, ಹಾಗಾದ್ರೆ ಸೆಲೆಸ್ಟ್ ಇಂಗ್ ಬರೆದಿರೋ 'ಎವ್ರಿಥಿಂಗ್ ಐ ನೆವರ್ ಟೋಲ್ಡ್ ಯು' ಓದಿ. 2014ರಲ್ಲಿ ಬಂದಿದ್ದು, ಇಂಗ್ಲಿಷ್ ಸರಳವಾಗೇ ಇದೆ, ಡಿಕ್ಷನರಿ ಇಟ್ಕೊಂಡು ಕೂರಬೇಕಾಗಿಲ್ಲ.

ಕಥೆ ನಡೆಯೋದು 1977ರಲ್ಲಿ, ಅಮೆರಿಕದ ಒಹಾಯೋದ ಒಂದು ಚಿಕ್ಕ ಊರಲ್ಲಿ. ಅಪ್ಪ ಜೇಮ್ಸ್ ಚೀನೀ ಮೂಲದವನು, ಕಾಲೇಜಲ್ಲಿ ಹಿಸ್ಟರಿ ಮೇಷ್ಟ್ರು. ಅಮ್ಮ ಮ್ಯಾರಿಲಿನ್ ಬಿಳಿಯರವಳು. ಇವರು ಮದುವೆ ಆಗಿದ್ದು 1958ರಲ್ಲಿ, ಆಗ ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಇಂಥ ಮದುವೇನೇ ಕಾನೂನುಬಾಹಿರ, ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನ ತೆಗೆದುಹಾಕಿದ್ದು 1967ರಲ್ಲಿ. ಮೂರು ಮಕ್ಕಳಲ್ಲಿ ನಡುವಿನವಳು ಲಿಡಿಯಾ, ಹದಿನಾರು ವರ್ಷ. ಅವಳು ಸತ್ತಿದಾಳೆ ಅಂತ ಶುರುವಲ್ಲೇ ಹೇಳಿಬಿಡ್ತಾರೆ, ಆದ್ರೆ ಮನೆಯವರಿಗೆ ಇನ್ನೂ ಗೊತ್ತಿಲ್ಲ, ಬೆಳಿಗ್ಗೆ ತಿಂಡಿ ಹೊತ್ತು, ಅವಳ ಬಟ್ಟಲ ಪಕ್ಕ ಅಮ್ಮ ಪೆನ್ಸಿಲ್ ಚೂಪು ಮಾಡಿಟ್ಟು, ಫಿಸಿಕ್ಸ್ ಹೋಂವರ್ಕಲ್ಲಿ ಯಾವ್ಯಾವ ಲೆಕ್ಕ ಮತ್ತೆ ನೋಡ್ಬೇಕು ಅಂತ ಗುರುತು ಬೇರೆ ಹಾಕಿಟ್ಟಿರ್ತಾಳೆ. ಅಷ್ಟರಲ್ಲೇ ಆ ಮನೆ ಎಂಥದ್ದು ಅಂತ ಗೊತ್ತಾಗ್ಬಿಡತ್ತೆ.

ಇಲ್ಲಿ ಕೊಂದಿದ್ಯಾರು ಅನ್ನೋದಕ್ಕಿಂತ ಯಾರು ಯಾರಿಂದ ಏನು ಮುಚ್ಚಿಟ್ರು ಅನ್ನೋದೇ ಸಸ್ಪೆನ್ಸ್, ಮತ್ತೆ ಸುಳ್ಳು ಹೇಳೋವ್ರು ಯಾರೂ ಕೆಟ್ಟವರಲ್ಲ. ಅಮ್ಮಂಗೆ ಡಾಕ್ಟರ್ ಆಗ್ಬೇಕು ಅಂತಿತ್ತು, ಬಸುರಾಗಿ ಓದು ನಿಂತೋಯ್ತು, ಆ ಆಸೆ ಎಲ್ಲ ಮಗಳ ತಲೆಗೆ. ಅಪ್ಪಂಗೆ ಚಿಕ್ಕೋನಿದ್ದಾಗಿಂದ ಯಾರೂ ಜೊತೆಗೆ ಸೇರಿಸ್ಕೊಂಡಿಲ್ಲ, ಮಗಳಿಗಾದ್ರೂ ತುಂಬಾ ಫ್ರೆಂಡ್ಸ್ ಇರಲಿ ಅಂತ. ಈ ಹುಡುಗಿ ಅಮ್ಮಂಗೋಸ್ಕರ ಸೈನ್ಸ್ ಇಷ್ಟ ಅನ್ನೋ ಥರ ಇರ್ತಾಳೆ, ಅಪ್ಪಂಗೋಸ್ಕರ ಫೋನ್ ಕಿವಿಗಿಟ್ಕೊಂಡು ಫ್ರೆಂಡ್ ಜೊತೆ ಹರಟೆ ಹೊಡೀತಾಳೆ, ಆ ಕಡೆ ಬರೀ ಡಯಲ್ ಟೋನು! ಅವಳು ಕಾಣೆಯಾದಾಗ ಕ್ಲಾಸಿನ ಹುಡುಗೀರಿಗೆ ಫೋನ್ ಮಾಡಿದ್ರೆ, ಅವಳು ನಮ್ಗೆ ಅಷ್ಟು ಪರಿಚಯ ಇಲ್ಲ ಅಂತಾರೆ. ಅಮ್ಮ ಪ್ರತಿ ವರ್ಷ ಕೊಡ್ತಿದ್ದ ಬೀಗದ ಡೈರಿಗಳನ್ನ ಒಡೆದು ನೋಡೋ ಸೀನ್ ಒಂದಿದೆ, ಅದ್ರಲ್ಲಿ ಏನಿತ್ತು ಅಂತ ನಾನು ಹೇಳಲ್ಲ, ನಂಗೆ ಇಡೀ ಪುಸ್ತಕದಲ್ಲಿ ಅದೇ ಜಾಸ್ತಿ ತಟ್ಟಿದ್ದು. ನಮ್ಮಲ್ಲಿ ಮಕ್ಕಳನ್ನ ನೀಟ್ ಕೋಚಿಂಗಿಗೆ ಹಾಕಿ ಕಾಯ್ತಿರೋವ್ರು ಓದಿದ್ರೆ ಸ್ವಲ್ಪ ಕಸಿವಿಸಿ ಆಗ್ಬಹುದು.

ಹಿಡಿಸದೇ ಇದ್ದಿದ್ದೂ ಇದೆ. ಮಧ್ಯದಲ್ಲಿ ಹಳೇ ಕಥೆ ಜಾಸ್ತಿ ಆಗಿ ಎಳೀತು ಅನ್ಸತ್ತೆ, ಅಪ್ಪ ದುಃಖದಲ್ಲಿ ಹಿಡಿಯೋ ದಾರಿ ಮೊದಲೇ ಊಹೆ ಆಗ್ಬಿಡತ್ತೆ. ನೆರೆಹೊರೆಯ ಹುಡುಗ ಜ್ಯಾಕ್ ಮೇಲೆ ಅಣ್ಣಂಗೆ ಅನುಮಾನ ಬರೋ ಭಾಗದಲ್ಲಿ ಮಾತ್ರ ಮಾಮೂಲಿ ಥ್ರಿಲ್ಲರ್ ಥರ ಓಡತ್ತೆ. ಕೊನೇ ಮಗಳು ಹ್ಯಾನಾ ಕಡೆ ಗಮನ ಕೊಡಿ, ಟೇಬಲ್ ಕೆಳಗೆ ಕೂತ್ಕೊಳ್ಳೋ ಆ ಪುಟ್ಟಿ ಕಣ್ಣಿಗೆ ಬೀಳೋದು ದೊಡ್ಡೋರಿಗೆ ಬೀಳಲ್ಲ.

ರಿವ್ಯೂ ಗಿವ್ಯೂ ಮೊದಲೇ ನೋಡ್ಬೇಡಿ. ಮತ್ತೆ ಮನೇಲಿ ಇತ್ತೀಚೆಗೆ ಸಾವು ಗೀವು ಆಗಿದ್ರೆ ಸ್ವಲ್ಪ ದಿನ ಬಿಟ್ಟು ಓದಿ, ಹಗುರವಾದ ಪುಸ್ತಕ ಅಲ್ಲ ಇದು.