ಬೆಂಕಿ ಬಿದ್ದ ಹುಲ್ಲುಗಾವಲು: ಉಳುವ ಮೊದಲು ಬುಡ ನೋಡಿ

ಬೆಂಕಿ ಬಿದ್ದು ನಾಟಿ ಹುಲ್ಲಿನ ಬುಡಗಳೆಲ್ಲ ಕರಿ ಹಿಡಿದಿವೆ, ಉತ್ತು ಹೊಸ ಬೀಜ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಟ್ರ್ಯಾಕ್ಟರ್ ಇಳಿಸಬೇಡಿ. ಕಣ್ಣಿಗೆ ಕಾಣುವಂತೆ ಸುಟ್ಟಿರುವುದು ಎಲೆ, ಕಡ್ಡಿ ಅಷ್ಟೇ. ಬುಡ ಕಟ್ಟಿ ಬೆಳೆಯುವ ಹುಲ್ಲಿಗೆ ಹೊಸ ತೆಂಡೆ (ಬುಡದಿಂದ ಏಳುವ ಚಿಗುರು) ಒಡೆಯುವ ಮೊಗ್ಗುಗಳು ಮಣ್ಣಿನ ಮಟ್ಟದಲ್ಲಿ, ಇಲ್ಲವೇ ಸ್ವಲ್ಪ ಕೆಳಗೆ ಇರುತ್ತವೆ. ಹುಲ್ಲಿನ ಬೆಂಕಿ ಮೇಲೆ ಧಗಧಗ ಉರಿದರೂ ಒಂದೆರಡು ಅಂಗುಲ ಕೆಳಗಿನ ಮಣ್ಣು ಅಷ್ಟಾಗಿ ಕಾಯುವುದಿಲ್ಲ.

ಹಾಗಂತ ಎಲ್ಲವೂ ಬದುಕುತ್ತವೆ ಅಂತಲ್ಲ. ಜ್ವಾಲೆ ಎಷ್ಟು ಎತ್ತರ ಎದ್ದಿತು ಅನ್ನುವುದಕ್ಕಿಂತ ಬುಡದಲ್ಲಿ ಕೆಂಡ ಎಷ್ಟು ಹೊತ್ತು ನಿಂತಿತು ಅನ್ನುವುದೇ ಮುಖ್ಯ. ಪಶ್ಚಿಮ ಅಮೆರಿಕದ ಎರಡು ಹುಲ್ಲು ನೋಡಿ. ಬ್ಲೂಬಂಚ್ ವೀಟ್‌ಗ್ರಾಸ್‌ನದು ಒರಟು ಕಡ್ಡಿ, ಬುಡದಲ್ಲಿ ಎಲೆ ಕಡಿಮೆ. ಬೆಂಕಿ ಸರ್ರನೆ ಹಾದು ಹೋಗುತ್ತದೆ, ಹುಲ್ಲು ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಐಡಹೋ ಫೆಸ್ಕ್ಯೂ ಹಾಗಲ್ಲ. ನೂಲಿನಂಥ ಎಲೆ ಒತ್ತೊತ್ತಾಗಿ ತುಂಬಿರುತ್ತದೆ, ಮೇಲಿನ ಉರಿ ಆರಿದ ಮೇಲೂ ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡಬಹುದು. ಸಾಯುವುದೂ ಅದೇ ಜಾಸ್ತಿ.

ಬೆಂಕಿ ಯಾವಾಗ ಬಿತ್ತು ಅನ್ನುವುದನ್ನು ನೀವು ಬರೆದಿಲ್ಲ. ಬೀಜ ಉದುರಿ ಹುಲ್ಲು ಒಣಗಿದ ಮೇಲೆ ಬಿದ್ದಿದ್ದರೆ ಪೆಟ್ಟು ಕಡಿಮೆ. ಹಸಿರಾಗಿ ಬೆಳೆಯುವಾಗ ಬಿದ್ದರೆ ಕಷ್ಟ, ಯಾಕಂದರೆ ಕೂಡಿಟ್ಟ ಆಹಾರ ಆಗಲೇ ಖರ್ಚಾಗಿರುತ್ತದೆ. ಇದೂ ಎಲ್ಲ ಹುಲ್ಲಿಗೂ ನಿಜವಲ್ಲ. ಆಗ್ನೇಯ ಅಮೆರಿಕದ ಲಾಂಗ್‌ಲೀಫ್ ಪೈನ್ ಕಾಡಿನ ವೈರ್‌ಗ್ರಾಸ್ ಚೆನ್ನಾಗಿ ಹೂ ಬಿಡುವುದೇ ಬೆಳೆಯುವ ಕಾಲದಲ್ಲಿ ಬೆಂಕಿ ಬಿದ್ದರೆ! ನಿಮ್ಮಲ್ಲಿರುವುದು ಯಾವ ಹುಲ್ಲು ಅಂತ ಮೊದಲು ಗೊತ್ತು ಮಾಡಿಕೊಳ್ಳಿ.

ಈಗ ಬುಡ ನೋಡೋಣ. ಬೂದಿಯನ್ನು ಕೈಯಿಂದ ಸರಿಸಿ. ಸುಡದೆ ಉಳಿದ ಮೋಟು ಕಡ್ಡಿಗಳು ಕಂಡರೆ ಒಳ್ಳೆಯ ಲಕ್ಷಣ. ಬುಡ ಇದ್ದ ಜಾಗದಲ್ಲಿ ಬಿಳಿ ಬೂದಿ ತುಂಬಿದ ಗುಳಿ ಮಾತ್ರ ಇದ್ದರೆ ಅದರ ಆಸೆ ಬಿಡಿ. ಸಂಶಯ ಇದ್ದರೆ ಒಂದು ಬುಡವನ್ನು ಚಾಕುವಿನಿಂದ ಸೀಳಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತೇವವಾಗಿದ್ದರೆ ಜೀವ ಇದೆ. ಕಂದಾಗಿ ಪುಡಿಪುಡಿ ಉದುರಿದರೆ ಇಲ್ಲ. ದೊಡ್ಡ ಹಳೆಯ ಬುಡ ನಡುವೆ ಸತ್ತು ಅಂಚಿನಲ್ಲಿ ಮಾತ್ರ ಚಿಗುರುವುದೂ ಉಂಟು, ಅದನ್ನು ಸತ್ತದ್ದರ ಲೆಕ್ಕಕ್ಕೆ ಸೇರಿಸಬೇಡಿ. ಜೋರಾಗಿ ಸುಟ್ಟ ಕಡೆ, ಮೇಲೆ ಮೇಲೆ ಸುಟ್ಟ ಕಡೆ, ಎರಡೂ ಕಡೆ ನೋಡಿ.

ನನ್ನ ಕೇಳಿದರೆ ಬೆಂಕಿಗಿಂತ ದೊಡ್ಡ ಅಪಾಯ ಆಮೇಲಿನ ಮೇಯಿಸುವಿಕೆ. ಎಳೆ ಚಿಗುರು ದನಕ್ಕೆ ಬಲು ಇಷ್ಟ, ಅಲ್ವಾ? ಆದರೆ ಹುಲ್ಲು ಆ ಚಿಗುರನ್ನು ಉಳಿದಿರುವ ಅಲ್ಪ ಸ್ವಲ್ಪ ಶಕ್ತಿಯಲ್ಲಿ ಹೊರಡಿಸಿರುತ್ತದೆ. ಅದನ್ನೂ ಮೇಯ್ದರೆ ಬೇರು ಸೊರಗುತ್ತದೆ. ಪಶ್ಚಿಮ ಅಮೆರಿಕದಲ್ಲಿ ಎರಡು ಬೆಳೆಗಾಲ ದನ ಬಿಡದಿರುವುದು ರೂಢಿ. ಬರೀ ಕ್ಯಾಲೆಂಡರ್ ನಂಬಬೇಡಿ. ದನ ಬಿಡುವ ಮೊದಲು ಹುಲ್ಲು ಬೀಜ ಕಟ್ಟಿರಬೇಕು, ಎಳೆದರೆ ಬುಡ ಕಿತ್ತು ಬರಬಾರದು.

ಉಳುವುದು ಬೇಡ ಅನ್ನಲು ಇನ್ನೊಂದು ಕಾರಣ ಕಳೆ. ಪಶ್ಚಿಮ ಅಮೆರಿಕದಲ್ಲಿ ಚೀಟ್‌ಗ್ರಾಸ್ ಅನ್ನುವ ಕಳೆ ಹುಲ್ಲು ಹೆಚ್ಚಾಗಿ ಚಳಿಗಾಲಕ್ಕೆ ಮುಂಚೆಯೇ ಮೊಳೆತು, ನಾಟಿ ಹುಲ್ಲು ಏಳುವಷ್ಟರಲ್ಲಿ ಮಣ್ಣಿನ ನೀರು ಹೀರಿರುತ್ತದೆ. ಬೇಗ ಒಣಗಿ ಮುಂದಿನ ಬೆಂಕಿಗೆ ಸೌದೆಯೂ ಆಗುತ್ತದೆ. ಉತ್ತರೆ ಬದುಕಿದ ಬುಡಗಳೂ ಹೋಗಿ ಇಂಥ ಕಳೆಗೆ ಜಾಗ ಸಿಗುತ್ತದೆ. ಬುಡಗಳು ನಿಜವಾಗಿ ಸತ್ತ ಕಡೆ ಮಾತ್ರ ಅದೇ ಸೀಮೆಯ ನಾಟಿ ಬೀಜ ಹಾಕಿ. ಕಳೆ ಸ್ವಲ್ಪವೇ ಇದ್ದರೆ ಬೀಜ ಕಟ್ಟುವ ಮೊದಲೇ ಕಿತ್ತುಬಿಡಿ.