ಟಿವಿ ಚರ್ಚೆ ನೋಡಿ ಓಟು ಬದಲಿಸುವವರು ಯಾರು?

ಚುನಾವಣೆಗೆ ಮುಂಚೆ ಅಭ್ಯರ್ಥಿಗಳೇ ಎದುರುಬದುರು ನಿಂತು ನಡೆಸುವ ಟಿವಿ ಚರ್ಚೆಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಪಕ್ಷದ ವಕ್ತಾರರು ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂಗಾಡುವ ಕಾರ್ಯಕ್ರಮದ್ದು ಬೇರೆಯೇ ಕತೆ. ಆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇವೆ.

ಪ್ರಶ್ನೆ: ಮುಖಾಮುಖಿ ಚರ್ಚೆ ನೋಡಿ ಜನ ನಿಜಕ್ಕೂ ಓಟು ಬದಲಿಸುತ್ತಾರಾ? ಅಪ್ಪ ‘ಎಲ್ಲ ನಾಟಕ’ ಅಂತಾರೆ. ತಂಗಿ ‘ಫಲಿತಾಂಶ ಅಲ್ಲೇ ನಿರ್ಧಾರ ಆಗೋದು’ ಅಂತಾಳೆ. ಯಾರು ಸರಿ?

ಉತ್ತರ: ತೂಕ ಅಪ್ಪನ ಕಡೆಗೇ ಹೆಚ್ಚು, ಆದರೆ ಅವರು ಕೊಡುವ ಕಾರಣಕ್ಕಲ್ಲ. ಕ್ಯಾರೊಲಿನ್ ಲ ಪೆನೆಕ್ ಮತ್ತು ವಿನ್ಸೆಂಟ್ ಪೋನ್ಸ್ ಎಂಬ ಸಂಶೋಧಕರು 1952ರಿಂದೀಚೆಗಿನ 62 ಚುನಾವಣೆಗಳನ್ನೂ 56 ಟಿವಿ ಚರ್ಚೆಗಳನ್ನೂ 10 ದೇಶಗಳಿಂದ ಒಟ್ಟುಮಾಡಿ ನೋಡಿದರು. ವಿಧಾನ ಸರಳ. ಒಬ್ಬನೇ ಮತದಾರನನ್ನು ಮತದಾನಕ್ಕೆ ಮುಂಚೆ ಒಮ್ಮೆ ‘ಯಾರಿಗೆ ಹಾಕ್ತೀರಿ’ ಎಂದು, ಆಮೇಲೆ ಇನ್ನೊಮ್ಮೆ ‘ಯಾರಿಗೆ ಹಾಕಿದಿರಿ’ ಎಂದು ಕೇಳಿರುತ್ತಾರೆ. ಎರಡೂ ಉತ್ತರ ಹೊಂದಿದರೆ ಆತ ಮೊದಲ ಪ್ರಶ್ನೆಯ ಹೊತ್ತಿಗೇ ತೀರ್ಮಾನ ಮಾಡಿದ್ದ ಎಂದರ್ಥ. ಮತದಾನ ಹತ್ತಿರವಾದಂತೆ ಹೀಗೆ ಹೊಂದುವವರ ಪ್ರಮಾಣ ಏರುತ್ತದೆ. ಕೊನೆಯ ಎರಡು ತಿಂಗಳಲ್ಲಿ ಶೇ 17ರಿಂದ 29ರಷ್ಟು ಜನ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ. ಚರ್ಚೆಯಿಂದ ಓಟು ನಿರ್ಧಾರ ಆಗುವುದಾದರೆ ಚರ್ಚೆಯ ಮರುದಿನ ಈ ಪ್ರಮಾಣ ಥಟ್ಟನೆ ಮೇಲಕ್ಕೆ ಜಿಗಿಯಬೇಕಿತ್ತು. ಜಿಗಿಯಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಒಂದೂವರೆ ಗಂಟೆ ಕೂತು ಪೂರ್ತಿ ನೋಡುವವರಲ್ಲಿ ಬಹುಪಾಲು ರಾಜಕೀಯದ ಹುಚ್ಚು ಇರುವವರು, ತಮ್ಮ ತಂಡದ ಅಂಗಿ ತೊಟ್ಟೇ ಆಟ ನೋಡಲು ಬಂದವರು. ಇನ್ನೂ ತೀರ್ಮಾನಿಸದವರು ಆ ಹೊತ್ತಿಗೆ ಬೇರೆ ಚಾನೆಲ್‌ನಲ್ಲಿರುತ್ತಾರೆ.

ತಂಗಿಯ ಮಾತು ನಿಜವಾಗುವ ಜಾಗಗಳೂ ಇವೆ. ಅಭ್ಯರ್ಥಿಗಳ ಬಗ್ಗೆ ಜನಕ್ಕೆ ಹೆಚ್ಚೇನೂ ಗೊತ್ತಿಲ್ಲದ ಕಡೆ, ಅಥವಾ ಎಲ್ಲರೂ ಒಂದೇ ಪಕ್ಷದವರಾಗಿದ್ದು ಚಿಹ್ನೆ ನೋಡಿ ಆರಿಸುವಂತಿಲ್ಲದ ಕಡೆ ಚರ್ಚೆಗೆ ಬಲ ಬರುತ್ತದೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 2012ರ ಚುನಾವಣೆ ವೇಳೆ ಅಭ್ಯರ್ಥಿಗಳ ಚರ್ಚೆಯನ್ನು ಚಿತ್ರೀಕರಿಸಿ, 224 ಮತಗಟ್ಟೆ ಪ್ರದೇಶಗಳ ಪೈಕಿ ಚೀಟಿ ಎತ್ತಿದಂತೆ ಆರಿಸಿದ 112ರಲ್ಲಿ ಪರದೆ ಕಟ್ಟಿ ತೋರಿಸಿದರು. ತೋರಿಸಿದ ಕಡೆ ಜನಕ್ಕೆ ಅಭ್ಯರ್ಥಿಗಳ ನಿಲುವು ಹೆಚ್ಚು ತಿಳಿಯಿತು, ಚೆನ್ನಾಗಿ ಮಾತಾಡಿದವರಿಗೆ ಹೆಚ್ಚು ಓಟು ಬಿತ್ತು. ಚರ್ಚೆಯಲ್ಲಿ ಭಾಗವಹಿಸಿ ಗೆದ್ದವರು ಆಮೇಲೆ ಕ್ಷೇತ್ರದ ಕೆಲಸಕ್ಕೆ ಹೆಚ್ಚು ಹಣ ಖರ್ಚು ಮಾಡಿದರು. ನಮ್ಮ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಸಂಗತಿ ಈ ಕೊನೆಯದು.

ಪ್ರಶ್ನೆ: ಕೆನಡಿ–ನಿಕ್ಸನ್ ಚರ್ಚೆಯನ್ನು ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ, ಟಿವಿಯಲ್ಲಿ ನೋಡಿದವರು ಕೆನಡಿ ಅಂದರಂತೆ. ಪಾಠ ಮಾಡುವಾಗ ಇದನ್ನು ಹೇಳಬಹುದೇ?

ಉತ್ತರ: ಹೇಳಿ, ಆದರೆ ಪೂರ್ತಿ ನಂಬಬೇಡಿ ಎಂದೂ ಸೇರಿಸಿ. 1960ರ ಸೆಪ್ಟೆಂಬರ್ 26, ಶಿಕಾಗೋದ ಸಿಬಿಎಸ್ ಟಿವಿಯ ಸ್ಟುಡಿಯೋ, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರ ಚರ್ಚೆ. ನಿಕ್ಸನ್ ಮೊಣಕಾಲಿನ ಸೋಂಕಿಗೆ ಆಸ್ಪತ್ರೆ ಸೇರಿ ಎದ್ದು ಬಂದಿದ್ದರು, ಮೈ ಇಳಿದಿತ್ತು. ತೊಟ್ಟ ಸೂಟು ಬೂದು, ಹಿಂದಿನ ಗೋಡೆಯೂ ಬೂದು. ಕಪ್ಪುಬಿಳುಪು ಪರದೆಯಲ್ಲಿ ಮನುಷ್ಯ ಗೋಡೆಗೆ ಅಂಟಿದಂತೆ ಕಂಡರು. ಸರಿಯಾದ ಮೇಕಪ್ ಬಿಟ್ಟು ಗಡ್ಡದ ನೆರಳು ಮುಚ್ಚಲು ಪೌಡರ್ ಹಚ್ಚಿಕೊಂಡಿದ್ದರು. ದೀಪದ ಕಾವಿಗೆ ಮುಖ ಬೆವರಿತು. ಇಷ್ಟೂ ನಿಜ.

ತೊಡಕಿರುವುದು ರೇಡಿಯೋ ಭಾಗದಲ್ಲಿ. ಅದರ ಮೂಲ ಸಿಂಡ್ಲಿಂಗರ್ ಎಂಬ ಸಂಸ್ಥೆಯ ಸಮೀಕ್ಷೆ. ಅದರಲ್ಲಿ ಬರೀ ರೇಡಿಯೋ ಕೇಳಿದವರು 282 ಮಂದಿ. ಆ ಕಾಲಕ್ಕೆ ಟಿವಿ ಬಿಟ್ಟು ರೇಡಿಯೋ ಹಚ್ಚಿದವರಲ್ಲಿ ಹಳ್ಳಿಗಾಡಿನ ಪ್ರಾಟೆಸ್ಟೆಂಟರು ಹೆಚ್ಚಿರುವ ಸಾಧ್ಯತೆ ಇತ್ತು. ಕ್ಯಾಥೊಲಿಕ್ ಕೆನಡಿಯನ್ನು ಅವರು ಮೊದಲೇ ಒಪ್ಪದಿದ್ದಿರಬಹುದು. ಹಾಗಾಗಿ ಆ ಸಮೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಆದರೆ 2003ರಲ್ಲಿ ಜೇಮ್ಸ್ ಡ್ರಕ್‌ಮನ್ ಎಂಬ ಸಂಶೋಧಕರು ಅದೇ ಚರ್ಚೆಯನ್ನು 171 ಜನರ ಮೇಲೆ ಪರೀಕ್ಷಿಸಿದರು: ಕೆಲವರಿಗೆ ಧ್ವನಿ ಮಾತ್ರ, ಉಳಿದವರಿಗೆ ಚಿತ್ರವೂ. ಚಿತ್ರ ನೋಡಿದವರು ಕೆನಡಿಯತ್ತ ಹೆಚ್ಚು ವಾಲಿದರು. ಅಂದರೆ ದಂತಕತೆಯೊಳಗೆ ಒಂದು ಕಾಳು ಇದೆ, ಸುತ್ತ ಬಹಳ ಹೊಟ್ಟು.

ಆ ಚುನಾವಣೆಯಲ್ಲಿ ಕೆನಡಿ ಗೆದ್ದ ಅಂತರ ದೇಶದ ಒಟ್ಟು ಮತಗಳಲ್ಲಿ 1.2 ಲಕ್ಷಕ್ಕೂ ಕಡಿಮೆ. ಅಷ್ಟು ಕೂದಲೆಳೆಯ ಗೆಲುವಿಗೆ ಯಾವ ಕಾರಣ ಬೇಕಾದರೂ ಹೊಂದುತ್ತದೆ. ಪಾಠ ಕಲಿತವರು ನಿಕ್ಸನ್ ಮಾತ್ರ: 1968ರಲ್ಲೂ 1972ರಲ್ಲೂ ಚರ್ಚೆಗೆ ಬರಲೇ ಇಲ್ಲ, ಎರಡು ಸಲವೂ ಗೆದ್ದರು.

ಪ್ರಶ್ನೆ: ಚರ್ಚೆಯಾದ ಮೂರನೇ ದಿನ ‘ಮುನ್ನಡೆಯಲ್ಲಿ 5 ಅಂಕದ ಜಿಗಿತ’ ಎಂದು ಸಮೀಕ್ಷೆ ಬರುತ್ತದೆ. ನಂಬಬೇಕಾ?

ಉತ್ತರ: ಮೊದಲು ಲೆಕ್ಕ ನೋಡಿ. ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ‘3 ಅಂಕ ಹೆಚ್ಚುಕಮ್ಮಿ’ ಎಂದು ಬರೆದಿರುತ್ತಾರೆ. ಅದು ಒಬ್ಬ ಅಭ್ಯರ್ಥಿಯ ಪಾಲಿಗೆ ಅನ್ವಯಿಸುವ ಮಿತಿ. ಇಬ್ಬರ ನಡುವಿನ ಅಂತರಕ್ಕೆ ಅದು ಸುಮಾರು 6 ಆಗುತ್ತದೆ, ಏಕೆಂದರೆ ಒಬ್ಬರಿಗೆ ಕೂಡಿದ್ದು ಇನ್ನೊಬ್ಬರಿಂದ ಕಳೆದದ್ದೇ. ಎರಡು ಸಮೀಕ್ಷೆಗಳ ನಡುವೆ ಆ ಅಂತರ ಎಷ್ಟು ಬದಲಾಯಿತು ಎಂದು ನೋಡುವಾಗ ಇದು 9ರ ಹತ್ತಿರ ಹೋಗುತ್ತದೆ. ಅಲ್ಲಿಗೆ ಒಂದೇ ಸಮೀಕ್ಷೆಯ 5 ಅಂಕದ ಜಿಗಿತ ಬರೀ ಗಾಳಿಯೂ ಇರಬಹುದು.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. 2012ರ ಅಕ್ಟೋಬರ್ 3ರಂದು ಡೆನ್ವರ್‌ನ ಚರ್ಚೆಯಲ್ಲಿ ಅಧ್ಯಕ್ಷ ಒಬಾಮ ಮಂಕಾಗಿದ್ದರು, ಎದುರಾಳಿ ರಾಮ್ನಿ ಮೇಲುಗೈ ಸಾಧಿಸಿದರು, ಸಮೀಕ್ಷೆಗಳು ತಲೆಕೆಳಗಾದವು. ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಮತ್ತು ಜೊತೆಗಾರರು ಎಕ್ಸ್‌ಬಾಕ್ಸ್ ಎಂಬ ವಿಡಿಯೋ ಗೇಮ್ ಯಂತ್ರದ ಮೂಲಕ ಅದೇ ಜನರನ್ನು ಮತ್ತೆ ಮತ್ತೆ ಕೇಳಿದ್ದ ಮಾಹಿತಿ ತೆಗೆದು ನೋಡಿದಾಗ, ಮನಸ್ಸು ಬದಲಿಸಿದವರು ಬಹಳ ಕಡಿಮೆ. ಬದಲಾದದ್ದು ಉತ್ತರ ಕೊಡುವವರ ಗುಂಪು. ತಮ್ಮ ನಾಯಕ ಸೋತ ವಾರ ಬೆಂಬಲಿಗರಿಗೆ ಸಮೀಕ್ಷೆಗೆ ಉತ್ತರಿಸಲು ಬೇಸರ. ಗೆದ್ದವರ ಕಡೆಯವರಿಗೆ ಹುರುಪು. ಓಟಿನ ದಿನ ಬೇಸರದವರೂ ಎದ್ದು ಬಂದರು, ಒಬಾಮ ಗೆದ್ದರು.

ಆದ್ದರಿಂದ ಒಂದೇ ಸಂಸ್ಥೆಯ ಮುಂಚಿನ ಮತ್ತು ನಂತರದ ಸಮೀಕ್ಷೆಯನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ತಾವು ಇಂಥ ಪಕ್ಷದವರೆಂದು ಹೇಳಿಕೊಂಡವರು ಎಷ್ಟೆಷ್ಟಿದ್ದಾರೆ ಎಂಬ ಸಾಲು ಹುಡುಕಿ. ಅದೇ 4–5 ಅಂಕ ಸರಿದಿದ್ದರೆ ಸುದ್ದಿ ಅಲ್ಲಿಗೆ ಮುಗಿಯಿತು. ವಾರ, ಹತ್ತು ದಿನ ಕಾಯಿರಿ. ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಗುಂಡಿ ಒತ್ತುವ ‘ಯಾರು ಗೆದ್ದರು’ ಎಂಬ ಆಟವನ್ನು ಲೆಕ್ಕಕ್ಕೇ ಹಿಡಿಯಬೇಡಿ. ‘ಚರ್ಚೆ ಗೆದ್ದವರು ಯಾರು’ ಮತ್ತು ‘ನಿಮ್ಮ ಓಟು ಯಾರಿಗೆ’ ಎರಡೂ ಬೇರೆ ಪ್ರಶ್ನೆಗಳು ಎಂಬುದೂ ನೆನಪಿರಲಿ. 2016ರಲ್ಲಿ ಹಿಲರಿ ಕ್ಲಿಂಟನ್, 2024ರ ಸೆಪ್ಟೆಂಬರ್‌ನಲ್ಲಿ ಕಮಲಾ ಹ್ಯಾರಿಸ್ ಚರ್ಚೆ ಗೆದ್ದರೆಂದೇ ನೋಡುಗರು ಹೇಳಿದ್ದರು, ಚುನಾವಣೆಯಲ್ಲಿ ಇಬ್ಬರೂ ಸೋತರು. ಬ್ರಿಟನ್ನಿನಲ್ಲಿ 2010ರ ಏಪ್ರಿಲ್ 15ರ ಮೊದಲ ಚರ್ಚೆಯ ನಂತರ ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕ ನಿಕ್ ಕ್ಲೆಗ್ ಹೆಸರು ಮನೆಮಾತಾಯಿತು. ಮೂರು ವಾರದ ಮೇಲೆ ಅವರ ಪಕ್ಷದ ಮತ ಒಂದೇ ಅಂಕ ಏರಿ ಶೇ 23ಕ್ಕೆ ನಿಂತಿತು, ಸ್ಥಾನ 62ರಿಂದ 57ಕ್ಕೆ ಇಳಿಯಿತು.

ಪ್ರಶ್ನೆ: ಕೆಲವು ಚಾನೆಲ್‌ಗಳು ಪರದೆಯ ಕೆಳಗೆ ಹಾವಿನಂತೆ ಏರಿಳಿಯುವ ಗೆರೆ ತೋರಿಸುತ್ತವಲ್ಲ, ಅದು ಏನು?

ಉತ್ತರ: ಬೇರೆಡೆ ಕೂತ ಕೆಲವೇ ಜನ ಕೈಯಲ್ಲಿ ತಿರುಗಿಸುವ ಗುಂಡಿಯ ಸರಾಸರಿ. ಇಂಗ್ಲಿಷ್ ಟಿವಿಯವರು ಇದನ್ನು ‘ವರ್ಮ್’ ಅನ್ನುತ್ತಾರೆ. ಬ್ರಿಟನ್ನಿನ ಮೂರನೇ ಚರ್ಚೆಯನ್ನು 2010ರಲ್ಲಿ ಸುಮಾರು 150 ಜನಕ್ಕೆ ಎರಡು ಗುಂಪಾಗಿ ತೋರಿಸಿದ ಸಂಶೋಧಕರು ಗೆರೆಯನ್ನು ತಾವೇ ಎಳೆದಾಡಿದರು: ಒಂದು ಗುಂಪಿಗೆ ಆಗಿನ ಪ್ರಧಾನಿ ಬ್ರೌನ್ ಪರ, ಇನ್ನೊಂದಕ್ಕೆ ಕ್ಲೆಗ್ ಪರ. ಗೆರೆ ಹೋದ ಕಡೆಗೆ ಗುಂಪಿನ ತೀರ್ಪೂ ಹೋಯಿತು. ನಿಮ್ಮ ಟಿವಿಯ ಆ ಜಾಗಕ್ಕೊಂದು ಕಾಗದದ ಪಟ್ಟಿ ಅಂಟಿಸಿಬಿಡಿ.

ಪ್ರಶ್ನೆ: ಮೊದಲ ಸಲ ಓಟು ಹಾಕುವವಳು ನಾನು. ಚರ್ಚೆಯನ್ನು ಉಪಯೋಗ ಆಗುವಂತೆ ನೋಡುವುದು ಹೇಗೆ?

ಉತ್ತರ: ಶುರುವಾಗುವ ಮುಂಚೆಯೇ ನಿಮಗೆ ಮುಖ್ಯವಾದ ಮೂರು ವಿಷಯ ಬರೆದಿಟ್ಟುಕೊಳ್ಳಿ, ಆಮೇಲೆ ಬರೆದರೆ ಅವರು ಮಾತಾಡಿದ್ದೇ ಮುಖ್ಯ ಅನ್ನಿಸತೊಡಗುತ್ತದೆ. ಒಂದು ಹಾಳೆಗೆ ನಾಲ್ಕು ಕಂಬ ಗೀಚಿ: ಪ್ರಶ್ನೆ, ಉತ್ತರ ಬಂತೋ ಇಲ್ಲವೋ, ಹೇಳಿದ ಅಂಕಿ, ಕೊಟ್ಟ ಮಾತು. ಎರಡನೆಯ ಕಂಬಕ್ಕೆ ‘ಹೌದು, ಅರ್ಧ, ಇಲ್ಲ’ ಎಂಬ ಮೂರೇ ಗುರುತು ಸಾಕು. ಪಳಗಿದವರು ಮೊದಲ ಹತ್ತು ಸೆಕೆಂಡು ಪ್ರಶ್ನೆಯ ಪದಗಳನ್ನೇ ವಾಪಸು ಹೇಳಿ, ‘ಆದರೆ ನಿಜವಾದ ವಿಷಯ ಏನೆಂದರೆ’ ಎಂದು ತಮ್ಮ ಕಂಠಪಾಠಕ್ಕೆ ಹೊರಳುತ್ತಾರೆ. ಆ ಹೊರಳು ಹಿಡಿಯಲು ಎರಡು ಪ್ರಶ್ನೆ ಕಳೆಯುವಷ್ಟರಲ್ಲಿ ಕಿವಿ ಪಳಗುತ್ತದೆ. ಕೊಟ್ಟ ಮಾತಿನ ಕಂಬದಲ್ಲಿ ಮೊತ್ತ, ಗಡುವು, ಯಾರಿಗೆ ಎಂಬುದು ಇದ್ದರಷ್ಟೇ ಬರೆಯಿರಿ. ‘ಬದ್ಧರಾಗಿದ್ದೇವೆ’ ಎಂಬುದು ಮಾತು ಕೊಟ್ಟಂತಲ್ಲ.

ಮಾತಾಡದೆ ನಿಂತವರ ಮುಖ ನೋಡುತ್ತ ಕೂರಬೇಡಿ. 2004ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಎದುರಾಳಿ ಕೆರಿ ಕಡೆಯವರು 32 ಪುಟದ ಒಪ್ಪಂದ ಬರೆದು, ಒಬ್ಬರು ಮಾತಾಡುವಾಗ ಇನ್ನೊಬ್ಬರ ಮುಖ ತೋರಿಸಕೂಡದು ಎಂದು ಸೇರಿಸಿದ್ದರು. ಚಾನೆಲ್‌ಗಳು ಸಹಿ ಹಾಕಿರಲಿಲ್ಲ, ತೋರಿಸಿಯೇ ತೋರಿಸಿದವು. ಮರುದಿನ ಮಾತೆಲ್ಲ ಬುಷ್ ಗಂಟುಮೋರೆಯದ್ದೇ.

ಮುಗಿದ ತಕ್ಷಣ ಟಿವಿ ಆರಿಸಿ, ನಿಮ್ಮ ತೀರ್ಪು ಎರಡು ಸಾಲು ಬರೆದ ಮೇಲೆ ಹಚ್ಚಿ. ಇದು ಅತಿರೇಕ ಅನ್ನಿಸಿದರೆ 1976ರ ಅಕ್ಟೋಬರ್ 6 ನೋಡಿ. ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವೇ ಇಲ್ಲ ಎಂದುಬಿಟ್ಟರು ಅಮೆರಿಕದ ಅಧ್ಯಕ್ಷ ಫೋರ್ಡ್. ಅದೇ ರಾತ್ರಿ ಕೇಳಿದಾಗ ನೋಡುಗರು ಅವರನ್ನು ಸೋಲಿಸಿರಲಿಲ್ಲ. ಸುದ್ದಿಯವರು ಆ ಒಂದು ವಾಕ್ಯವನ್ನೇ ಅರೆದ ಮೇಲೆ, ಮರುದಿನ ಕೇಳಿದಾಗ ಎದುರಾಳಿ ಕಾರ್ಟರ್ ಭಾರಿ ಅಂತರದಲ್ಲಿ ಮುಂದಿದ್ದರು. ಈಗ ಆ ಅರೆಯುವ ಕೆಲಸಕ್ಕೆ ಒಂದು ದಿನ ಬೇಕಿಲ್ಲ, 20 ಸೆಕೆಂಡಿನ ತುಣುಕುಗಳು ಚರ್ಚೆ ನಡೆಯುವಾಗಲೇ ಫೋನಿಗೆ ಬಂದಿರುತ್ತವೆ.

ಪ್ರಶ್ನೆ: ಓಟು ಅಲುಗದಿದ್ದರೆ ಇಷ್ಟು ತಯಾರಿ, ಇಷ್ಟು ಹೆದರಿಕೆ ಯಾಕೆ? ನೋಡುವವರಾದರೂ ಉಳಿದಿದ್ದಾರಾ?

ಉತ್ತರ: ಉಳಿದಿದ್ದಾರೆ. ಅಮೆರಿಕದಲ್ಲಿ 1980ರ ರೇಗನ್–ಕಾರ್ಟರ್ ಚರ್ಚೆಯನ್ನು ಸುಮಾರು 8 ಕೋಟಿ, 2016ರ ಮೊದಲ ಚರ್ಚೆಯನ್ನು 8.4 ಕೋಟಿ ಜನ ಟಿವಿಯಲ್ಲಿ ನೋಡಿದರು. ಎರಡನೆಯದು ದಾಖಲೆ, ಆದರೆ ನಡುವೆ ಜನಸಂಖ್ಯೆಯೂ ಬೆಳೆದಿತ್ತು. ಮೂವರಲ್ಲಿ ಒಬ್ಬರು ನೋಡುತ್ತಿದ್ದದ್ದು ನಾಲ್ವರಲ್ಲಿ ಒಬ್ಬರಿಗೆ ಬಂದಿದೆ.

ಹೆದರಿಕೆಗೆ ಕಾರಣ ಮತದಾರರಿಗಿಂತ ಸ್ವಂತ ಪಕ್ಷ. 2024ರ ಜೂನ್ 27ರಂದು ಬೈಡನ್ ತಡವರಿಸಿದರು. 24 ದಿನಕ್ಕೆ, ಜುಲೈ 21ರಂದು ಕಣದಿಂದಲೇ ಹಿಂದೆ ಸರಿದರು. ಅವರನ್ನು ಸರಿಸಿದ್ದು ಹಣ ಕೊಡುವವರ, ಸಹನಾಯಕರ ಒತ್ತಡ. ಒಂದು ಚರ್ಚೆ ಇಷ್ಟು ಮಾಡಬಲ್ಲದು ಎಂದ ಮೇಲೆ ‘ಚರ್ಚೆಗೆ ಬೆಲೆ ಇಲ್ಲ’ ಎನ್ನಲಾಗದು.

ಪ್ರಶ್ನೆ: ನಮ್ಮ ಸಂಘದಿಂದ ಮೂವರು ಅಭ್ಯರ್ಥಿಗಳ ಚರ್ಚೆ ಏರ್ಪಡಿಸಿ ನೇರಪ್ರಸಾರ ಮಾಡುವ ಆಸೆ. 90 ನಿಮಿಷ ಸಾಕೇ? ಏನೆಲ್ಲ ಎಡವಟ್ಟಾಗಬಹುದು?

ಉತ್ತರ: ಮೊದಲು ಗುಣಾಕಾರ. ಪ್ರತಿಯೊಬ್ಬರಿಗೂ ಉತ್ತರಕ್ಕೆ 90 ಸೆಕೆಂಡು, ಮರುಮಾತಿಗೆ 45, ಪ್ರಶ್ನೆ ಓದಲು 45: ಒಂದು ಪ್ರಶ್ನೆಗೆ ಏಳೂವರೆ ನಿಮಿಷ. ಪೀಠಿಕೆ, ಕೊನೆಯ ಮಾತಿಗೆ 10 ನಿಮಿಷ ತೆಗೆದರೆ ಲೆಕ್ಕದಲ್ಲಿ 10 ಪ್ರಶ್ನೆ, ನಡೆಯುವುದು 8. ಹನ್ನೆರಡು ಪ್ರಶ್ನೆ ತುರುಕುವ ಸಂಘಟಕರೇ ಕೊನೆಯ ಅರ್ಧಗಂಟೆ ಎಲ್ಲರ ಬಾಯಿ ಮುಚ್ಚಿಸುತ್ತ ಓಡುವುದು. ಉಳಿಸಿದ ಸಮಯವನ್ನು ನಿರೂಪಕರ ಮರುಪ್ರಶ್ನೆಗೆ ಕೊಡಿ. ನುಣುಚಿಕೊಂಡವರನ್ನು ಹಿಡಿಯುವ ಏಕೈಕ ಸಾಧನ ಅದು.

ನಿಯಮ ಬರಹದಲ್ಲಿರಲಿ, ಮೂವರ ಸಹಿಯೂ ಬೀಳಲಿ. ಮಾತಿನ ಸರದಿ ಚೀಟಿ ಎತ್ತಿ ಗೊತ್ತುಮಾಡಿ, ಪ್ರತಿ ಪ್ರಶ್ನೆಗೂ ಒಂದೊಂದು ಸ್ಥಾನ ಸರಿಸಿ. ಒಬ್ಬರು ಕೈಕೊಟ್ಟರೆ ಏನು ಎಂಬುದನ್ನೂ ಅದರಲ್ಲೇ ಬರೆಯಿರಿ: ಇಬ್ಬರಿದ್ದರೆ ಚರ್ಚೆ, ಒಬ್ಬರೇ ಉಳಿದರೆ ರದ್ದು. ಸಭಿಕರ ಪ್ರಶ್ನೆಯನ್ನು ಚೀಟಿಯಲ್ಲಿ ತೆಗೆದುಕೊಳ್ಳಿ. ಮೈಕು ಕೈಗೆ ಕೊಟ್ಟರೆ ಪ್ರಶ್ನೆ ಭಾಷಣವಾಗುತ್ತದೆ. ಸಭಿಕರೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಚಪ್ಪಾಳೆ ಸಮಯವನ್ನೂ ತಿನ್ನುತ್ತದೆ, ಮನೆಯಲ್ಲಿ ನೋಡುವವರ ತೀರ್ಪನ್ನೂ.

ಸರದಿ ಇಲ್ಲದವರ ಮೈಕು ಆರಿಸುವುದು ಸರಿ, ಆದರೆ ಮೂವರನ್ನೂ ಒತ್ತಾಗಿ ನಿಲ್ಲಿಸಿದರೆ ಆರಿಸಿದವರ ಕೂಗು ಪಕ್ಕದ ಮೈಕಿನಿಂದ ಒಳಬರುತ್ತದೆ. ನೋಡುಗರಿಗೆ ಅಸ್ಪಷ್ಟ ಗೊಣಗು, ಮಾತಾಡುವವರಿಗೆ ಏಕಾಗ್ರತೆ ಭಂಗ. ನಡುವೆ ಎರಡೂವರೆ ಮೀಟರಾದರೂ ಬಿಡಿ, ಎದುರಿನ ಧ್ವನಿಯನ್ನಷ್ಟೇ ಹಿಡಿಯುವ ಮೈಕು ಬಳಸಿ. ಹಸಿರು, ಕೊನೆಯ 15 ಸೆಕೆಂಡಿಗೆ ಹಳದಿ, ಆಮೇಲೆ ಕೆಂಪು ದೀಪ ಅಭ್ಯರ್ಥಿಗಳ ಕಣ್ಣ ಮಟ್ಟದಲ್ಲಿರಲಿ.

ಕೊನೆಯದಾಗಿ, ಧ್ವನಿಗೆ ಎರಡು ಪ್ರತ್ಯೇಕ ದಾರಿ ಇರಲೇಬೇಕು. 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಫೋರ್ಡ್–ಕಾರ್ಟರ್ ಚರ್ಚೆ ಮುಗಿಯುವ ಹೊತ್ತಿಗೆ ಧ್ವನಿ ವ್ಯವಸ್ಥೆ ಕೈಕೊಟ್ಟಿತು. ಕೋಟ್ಯಂತರ ಜನ ನೋಡುತ್ತಿರುವಾಗ ಇಬ್ಬರೂ 27 ನಿಮಿಷ ವೇದಿಕೆಯ ಮೇಲೆಯೇ ಉಳಿದರು, ಪರಸ್ಪರ ಮಾತಿಲ್ಲ, ಕತೆಯಿಲ್ಲ. ನಿಮ್ಮ ವೇದಿಕೆಯಲ್ಲಿ ನಿರೂಪಕರ ಕೈಗೆಟುಕುವಂತೆ ಬ್ಯಾಟರಿಯ ಮೈಕೊಂದು ಇಡಿ, ಅಭ್ಯರ್ಥಿಗಳ ಹಿಂದೆ ತಲಾ ಒಂದು ಕುರ್ಚಿ ಹಾಕಿ.