ಬಿಸಿಎ ಸೇರುವ ಮಗಳಿಗೆ 40 ಸಾವಿರದೊಳಗೆ ಲ್ಯಾಪ್‌ಟಾಪ್: ಕೊಡಗಿನ ಮಳೆಯಲ್ಲಿ ಯಾವುದು ಬಾಳುತ್ತದೆ?

ಶಾಂತಳ್ಳಿ ಕಡೆಯವರು ಅಂದಿದ್ದೀರಿ. ಹಾಗಾದರೆ ಪ್ರೊಸೆಸರ್ ವಿಷಯ ಆಮೇಲೆ ಮಾತಾಡೋಣ, ಮೊದಲು ಮಳೆ ಮತ್ತು ಕರೆಂಟ್. ನೀವು ಕೇಳಿದ್ದು ಇಷ್ಟು ತಾನೆ: ಮಗಳು ಪಿಯುಸಿ ಮುಗಿಸಿ ಬಿಸಿಎ ಸೇರುತ್ತಿದ್ದಾಳೆ, ಮನೆಯಿಂದಲೇ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ, ಕೈಯಲ್ಲಿರುವುದು 40 ಸಾವಿರ, ಅಂಗಡಿಯವರು ಇನ್ನೊಂದು 20 ಸಾವಿರ ಸೇರಿಸಿ ಕಂತಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಅಂತಿದ್ದಾರೆ, ಏನು ಮಾಡಲಿ?

ಸೇರಿಸಬೇಡಿ.

ನಾನು ಗೋಣಿಕೊಪ್ಪದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ, ಹೊಸದು ಮಾರುವುದಿಲ್ಲ. ನೀವು ಯಾವ ಕಂಪನಿಯದ್ದು ತಗೊಂಡರೂ ನನಗೆ ಲಾಭ ಇಲ್ಲ, ಕೆಟ್ಟದ್ದು ತಗೊಂಡರೆ ಮಾತ್ರ ಇದೆ! ನನ್ನ ಟೇಬಲ್‌ಗೆ ಬರುವ ಮಕ್ಕಳ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಸಾಲದೆ ಬಂದದ್ದು ಕಡಿಮೆ. ಜಾಸ್ತಿ ಬರುವುದು ಕಿತ್ತುಹೋದ ಹಿಂಜ್ (ಮುಚ್ಚಳದ ಕೀಲು), ಸಿಡಿಲಿಗೆ ಸುಟ್ಟ ಅಡಾಪ್ಟರ್, ತೇವ ಹಿಡಿದ ಬೋರ್ಡ್, ಸತ್ತ ಬ್ಯಾಟರಿ.

ಹಿಂಜ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್‌ನ ಸ್ಕ್ರೂ ಕೂರುವುದು ಪ್ಲಾಸ್ಟಿಕ್‌ನೊಳಗೆ ಕೂರಿಸಿದ ಪುಟ್ಟ ಹಿತ್ತಾಳೆ ಬುಷ್‌ಗಳಲ್ಲಿ. ಮಕ್ಕಳು ಮುಚ್ಚಳದ ಒಂದೇ ಮೂಲೆ ಹಿಡಿದು ಎತ್ತುತ್ತಾರೆ. ಹಿಂಜ್ ಗಟ್ಟಿಯಾಗಿದ್ದರೆ ಒಂದು ದಿನ ಆ ಬುಷ್ ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ಆಮೇಲೆ ಎಷ್ಟು ಎಪಾಕ್ಸಿ ಹಚ್ಚಿದರೂ ಮೊದಲಿನ ಹಾಗೆ ಆಗುವುದಿಲ್ಲ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಮುಚ್ಚಳವನ್ನು ನಿಧಾನಕ್ಕೆ ತೆರೆದು ಮುಚ್ಚಿ ನೋಡಿ. ತೆರೆಯುವಾಗ ಕೀಬೋರ್ಡ್ ಪಕ್ಕದ ಅಂಚು ಮೇಲೆದ್ದರೆ, ಕಿರ್ ಅಂದರೆ, ಆ ಮಾಡೆಲ್ ಬಿಟ್ಟುಬಿಡಿ. ಮಗಳಿಗೂ ಮುಚ್ಚಳ ನಡುವೆ ಹಿಡಿದು ತೆರೆಯಲು ಹೇಳಿ.

ಈಗ ಬ್ಯಾಟರಿ. ಜೂನ್ ಬಂತೆಂದರೆ ಮರ ಬೀಳುವುದು, ಲೈನ್ ಹೋಗುವುದು ನಿಮಗೆ ಹೊಸದಲ್ಲ. ಬಾಕ್ಸ್ ಮೇಲೆ 'ಹತ್ತು ಗಂಟೆ ಬ್ಯಾಟರಿ' ಅಂತ ಬರೆದಿರುವುದನ್ನು ಓದಬೇಡಿ, ವ್ಯಾಟ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ತುಂಬಿಟ್ಟುಕೊಳ್ಳುತ್ತದೆ ಅನ್ನುವ ಲೆಕ್ಕ) ಎಷ್ಟು ಅಂತ ನೋಡಿ. ಈ ಬೆಲೆಗೆ 36ರಿಂದ 42 ವ್ಯಾಟ್-ಅವರ್‌ನವು ಬಹಳ. 50ರ ಹತ್ತಿರ ಸಿಕ್ಕರೆ ಅದಕ್ಕಾಗಿ ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿದರೂ ನಷ್ಟ ಇಲ್ಲ. ಇನ್ನೊಂದು, ಟೈಪ್-ಸಿ ಪೋರ್ಟ್‌ನಲ್ಲಿ ಚಾರ್ಜ್ ಆಗುತ್ತದಾ ಅಂತ ಕೇಳಿ. ಟೈಪ್-ಸಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲ್ಲ, ಕೆಲವು ಬರೀ ಡೇಟಾಗೆ. ಆಗುವುದಾದರೆ 65 ವ್ಯಾಟ್‌ನ ಪವರ್ ಬ್ಯಾಂಕ್‌ನಿಂದಲೂ ಚಾರ್ಜ್ ಮಾಡಬಹುದು, ಚಾರ್ಜರ್ ಹಾಳಾದರೂ ಬೇರೆಯದು ಸುಲಭವಾಗಿ ಸಿಗುತ್ತದೆ.

ವೋಲ್ಟೇಜ್ ಕಡಿಮೆ ಅಂತ ಸ್ಟೆಬಿಲೈಸರ್ ಕೊಳ್ಳುವುದು ಬೇಡ. ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ, ಅದು ತಾನೇ ಹೊಂದಿಕೊಳ್ಳುತ್ತದೆ. ಕಾಟ ಕೊಡುವುದು ಸಿಡಿಲು. ಏಪ್ರಿಲ್-ಮೇ ಗುಡುಗಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಪಕ್ಕಕ್ಕಿಡಬೇಕು. ಲೋಹದ ಬಾಡಿ ಇರುವ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ಕೈಗೆ ಜುಂ ಅಂದರೆ ಮೊದಲು ಮನೆಯ ಅರ್ಥಿಂಗ್ ನೋಡಿಸಿ.

ತೇವದ ಮಾತು. ಕಕ್ಕಡದ (ಆಷಾಢದ) ಮಳೆಯಲ್ಲಿ ಬೆಲ್ಟು, ಚಪ್ಪಲಿ, ಕನ್ನಡಕದ ಬಾಕ್ಸಿಗೂ ಬೂಷ್ಟು ಹಿಡಿಯುತ್ತದೆ, ಲ್ಯಾಪ್‌ಟಾಪ್ ಬಿಡುತ್ತದಾ? ಒಳಗೆ ಕನೆಕ್ಟರ್‌ಗಳ ಮೇಲೆ ಹಸಿರು ಪುಡಿ ಕೂತಿರುವುದನ್ನು ನಾನು ಬ್ರಷ್ ಹಿಡಿದು ಉಜ್ಜುತ್ತಿರುತ್ತೇನೆ. ಹೀಗಾಗುವುದು ದಿನಾ ಬಳಸುವ ಮೆಷಿನ್‌ಗಿಂತ ಬ್ಯಾಗಿನಲ್ಲೇ ವಾರಗಟ್ಟಲೆ ಮಲಗಿದ ಮೆಷಿನ್‌ಗೆ. ದಿನಾ ಆನ್ ಮಾಡುತ್ತಿದ್ದರೆ ಅದರ ಬಿಸಿಗೇ ತೇವ ಆರುತ್ತದೆ. ಒದ್ದೆ ಬ್ಯಾಗಿನಿಂದ ಮನೆಗೆ ಬಂದ ಕೂಡಲೇ ಹೊರಗೆ ತೆಗೆಯಬೇಕು, ಒಲೆ ಪಕ್ಕ ಇಡಬಾರದು. ಬ್ಯಾಗಿಗೆ ರೈನ್ ಕವರ್ ಇರಲಿ, ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಕೂಡ.

ಇನ್ನು ಒಳಗಿನ ಸಾಮಾನು. ಬಿಸಿಎಯಲ್ಲಿ ಸಿ, ಜಾವಾ, ಪೈಥಾನ್, ಡೇಟಾಬೇಸ್ ಇವೇ ಮುಖ್ಯ. ಇವಕ್ಕೆ ಇಂಟೆಲ್ ಐ3 12ನೇ ಜನರೇಶನ್ ಧಾರಾಳ ಸಾಕು. ಐ3-1215ಯು ಅಂದರೆ ಆರು ಕೋರ್ ಇದೆ, ಐ3 ಅಂತ ಮೂಗು ಮುರಿಯಬೇಡಿ. ಎಎಂಡಿಯಲ್ಲಿ ರೈಜನ್ 5 5625ಯು ಅಥವಾ 7530ಯು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ರೈಜನ್ 3 7320ಯು ನೋಡಿ ಏಳು ಸಾವಿರದ ಸರಣಿ ಅಂತ ಮರುಳಾಗಬೇಡಿ. ಈ ಸರಣಿಯಲ್ಲಿ ಮೊದಲ ಅಂಕಿ ಬರೀ ವರ್ಷದ ಲೆಕ್ಕ. ಮೂರನೇ ಅಂಕಿ ನೋಡಿ, 2 ಅಂದರೆ ಒಳಗಿರುವುದು ಹಳೆಯ ಝೆನ್ 2 ವಿನ್ಯಾಸ, 3 ಅಂದರೆ ಅದಕ್ಕಿಂತ ಹೊಸ ಝೆನ್ 3. ಸಾಲದ್ದಕ್ಕೆ 7320ಯು ಇರುವ ಲ್ಯಾಪ್‌ಟಾಪ್‌ಗಳಲ್ಲಿ ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಇಂಟೆಲ್‌ನ ಅಗ್ಗದ ಸೆಲೆರಾನ್ ಕಡೆ ತಿರುಗಿಯೂ ನೋಡಬೇಡಿ.

ರ್ಯಾಮ್‌ನಲ್ಲೇ ಜನ ಸಿಕ್ಕಿಬೀಳುವುದು. ಈಗ 8 ಜಿಬಿ ಸಾಕು. ಆದರೆ ಮುಂದೆ ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಬಂದಾಗ ಅದಕ್ಕೆ 8 ಕನಿಷ್ಠ, ಎಮ್ಯುಲೇಟರ್ (ಲ್ಯಾಪ್‌ಟಾಪ್‌ನೊಳಗೇ ಓಡುವ ನಕಲಿ ಫೋನ್) ಓಡಿಸಿದರೆ 16 ಬೇಕು. ಹಾಗಾಗಿ ಖಾಲಿ ಸ್ಲಾಟ್ ಇರುವುದನ್ನೇ ಆರಿಸಿ. ವಿವರದಲ್ಲಿ 'ಆನ್‌ಬೋರ್ಡ್' ಅಂತ ಮಾತ್ರ ಇದ್ದು ಸ್ಲಾಟ್ ಹೆಸರೇ ಇಲ್ಲದಿದ್ದರೆ ಅದು ಬದಲಾಗುವುದಿಲ್ಲ. 2025ರ ಕೊನೆಯಿಂದ ರ್ಯಾಮ್ ಬೆಲೆ ವಿಪರೀತ ಏರಿದೆ. ಅದಕ್ಕೇ ಇವತ್ತೇ 16 ತಗೊಳ್ಳಿ ಅಂತ ಹೇಳುತ್ತಿಲ್ಲ, ಹಾಕುವ ಜಾಗ ಇರಲಿ ಸಾಕು. ಸ್ಟೋರೇಜ್ 512 ಜಿಬಿ ಎಸ್‌ಎಸ್‌ಡಿ. ನಿಮ್ಮ ಕಡೆ ಸಿಗ್ನಲ್ ಮನಸ್ಸು ಬಂದಾಗ ಬರುತ್ತದೆ, ಅಲ್ವಾ? ಕಾಲೇಜಿನ ವೈಫೈಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಮನೆಯಲ್ಲಿ ಓದಲು ಜಾಗ ಬೇಕು. ಇದೇ ಕಾರಣಕ್ಕೆ, ಹೆಚ್ಚಿನ ಕೆಲಸಕ್ಕೆ ನೆಟ್ ಬೇಡುವ ಕ್ರೋಮ್‌ಬುಕ್ ಬೇಡ ಅಂತೀನಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವಾಗ ವಿಂಡೋಸ್‌ನಲ್ಲಿ ಅದನ್ನು 'ಮೀಟರ್ಡ್' (ಡೇಟಾ ಮಿತಿ ಇರುವ ಕನೆಕ್ಷನ್) ಅಂತ ಗುರುತು ಮಾಡಿಬಿಡಿ, ಇಲ್ಲದಿದ್ದರೆ ದಿನದ ಡೇಟಾ ಅಪ್‌ಡೇಟ್‌ಗೇ ಖಾಲಿ.

ಸ್ಕ್ರೀನ್ 14 ಇಂಚು, ಬಸ್ಸಿನಲ್ಲಿ ನಿಂತು ಹೋಗುವವಳಿಗೆ ಅದೇ ಸರಿ. ಪಕ್ಕದಿಂದ ನೋಡಿದರೂ ಬಣ್ಣ ಮಾಸದ ಐಪಿಎಸ್ ಪ್ಯಾನೆಲ್ ಇರಲಿ. ಯೂಟ್ಯೂಬ್‌ನವರು 250 ನಿಟ್ಸ್ ಬೆಳಕು ಸಾಲದು ಅಂತಾರೆ. ಅವರ ಊರಲ್ಲಿ ಬಿಸಿಲು ಇರುತ್ತದೆ, ನಮಗೆ ಜುಲೈನಲ್ಲಿ ಎಲ್ಲಿ ಬರಬೇಕು?

ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ ಬೇಡ ಅಂದರೆ, ಎರಡು ಕೆ.ಜಿ. ಮೇಲಿನ ಭಾರ, ಮೇಲೆ ಇಟ್ಟಿಗೆಯಂಥ ಅಡಾಪ್ಟರ್, ಕರೆಂಟ್ ಹೋದರೆ ಬೇಗ ಖಾಲಿಯಾಗುವ ಬ್ಯಾಟರಿ. ಮೆಷಿನ್ ಲರ್ನಿಂಗ್ ಕಲಿಯಬೇಕಾದರೆ ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಇನ್ನು ಆ 'ನೋ ಕಾಸ್ಟ್' ಕಂತು. ಬಹಳಷ್ಟು ಕಡೆ ಬ್ಯಾಂಕ್ ಪ್ರೊಸೆಸಿಂಗ್ ಫೀ ಹಾಕುತ್ತದೆ, ಬಡ್ಡಿಯ ಮೇಲಿನ ಜಿಎಸ್‌ಟಿಯೂ ನಿಮ್ಮ ತಲೆಗೇ. ಒಟ್ಟು ಎಷ್ಟಾಗುತ್ತದೆ ಅಂತ ಬರೆಸಿಕೊಂಡು ನೋಡಿ.

ಹಳೆಯದು ತಗೊಳ್ಳಬಹುದಾ ಅಂದರೆ, ತಗೊಳ್ಳಬಹುದು. ಆಫೀಸುಗಳಿಂದ ಬಂದ ಥಿಂಕ್‌ಪ್ಯಾಡ್ ಟಿ480 ನನಗೆ ಇಷ್ಟ. ಎರಡು ರ್ಯಾಮ್ ಸ್ಲಾಟ್, ಹಿಂದಿನಿಂದ ಕಳಚಿ ಹಾಕುವ ಬ್ಯಾಟರಿ, ಗಟ್ಟಿ ಹಿಂಜ್. ಆದರೆ ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ 8ನೇ ಜನರೇಶನ್ ಅಥವಾ ಮೇಲಿನದು ಬೇಕು. ಐ5-8350ಯು ಆಗುತ್ತದೆ, ಐ5-7300ಯು ಆಗುವುದಿಲ್ಲ. ಮಾರುವವರ ಎದುರೇ ಬ್ಯಾಟರಿ ರಿಪೋರ್ಟ್ ತೆಗೆಸಿ, ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವಷ್ಟು) ಡಿಸೈನ್ ಕೆಪಾಸಿಟಿಯ (ಹೊಸದರಲ್ಲಿ ಹಿಡಿಯುತ್ತಿದ್ದಷ್ಟರ) ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡು ಕಳೆದು ಬೆಲೆ ಮಾತಾಡಿ.

ಹೊಸದೇ ಆದರೆ ಅವಸರ ಬೇಡ. ಮೊದಲ ಸೆಮಿಸ್ಟರ್‌ನ ಸಿ ಪ್ರೋಗ್ರಾಂಗಳನ್ನು ಕಾಲೇಜಿನ ಲ್ಯಾಬ್‌ನಲ್ಲೇ ಮಾಡಬಹುದು. ಆಗಸ್ಟ್ 15ರ ಸೇಲ್ ಅಥವಾ ದಸರಾ ಸೇಲ್‌ವರೆಗೆ ಕಾದರೆ ಬೆಲೆ ಇಳಿಯಬಹುದು, ದಸರಾ ಹೊತ್ತಿಗೆ ಜೋರು ಮಳೆಯೂ ಕಳೆದಿರುತ್ತದೆ. ವಾರಂಟಿ 'ಆನ್‌ಸೈಟ್' ಇರಬೇಕು. ನಿಮ್ಮ ಊರಿನ ಪಿನ್‌ಕೋಡ್ ಹೇಳಿ, ಮನೆಗೆ ಬಂದು ಸರಿ ಮಾಡುತ್ತಾರಾ ಅಂತ ಕಂಪನಿಯ ಕಸ್ಟಮರ್ ಕೇರ್‌ಗೇ ಫೋನ್ ಮಾಡಿ ಕೇಳಿ. 'ಕ್ಯಾರಿ-ಇನ್' ಆದರೆ ಪ್ರತಿ ಸಲ ಲ್ಯಾಪ್‌ಟಾಪ್ ಹೊತ್ತುಕೊಂಡು ಮೈಸೂರು ಬಸ್ ಹತ್ತಬೇಕಾದೀತು. ಕದ್ದ ವಿಂಡೋಸ್ ಹಾಕಿಕೊಡುತ್ತೇನೆ ಅನ್ನುವವರ ಡಾಸ್ ಮಾಡೆಲ್ (ವಿಂಡೋಸ್ ಇಲ್ಲದೆ ಮಾರುವುದು) ಬೇಡ, ಅದರ ಜೊತೆಗೆ ವೈರಸ್ ಉಚಿತ. ಜಿಎಸ್‌ಟಿ ಬಿಲ್ ತಗೊಂಡು ಅವತ್ತೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ, ಸೀರಿಯಲ್ ನಂಬರ್ ಹಾಕಿ ಕಂಪನಿ ಸೈಟ್‌ನಲ್ಲಿ ವಾರಂಟಿ ತಾರೀಖು ಸರಿ ಇದೆಯಾ ನೋಡಿ. ತಪ್ಪಿದ್ದರೆ ಬಿಲ್ ಕಳಿಸಿದರೆ ಸರಿ ಮಾಡುತ್ತಾರೆ, ಆದರೆ ಅದನ್ನು ಮೊದಲ ವಾರದಲ್ಲೇ ಮಾಡಿಸಿಕೊಳ್ಳಿ.